ಅಮೆರಿಕದಿಂದ ತಂದ ಕೊಸರು ಮತ

ಮೊದಲು ನಮ್ಮ ಮನೆತನದ ಮಾತು ಮುಗಿಸುತ್ತೇನೆ. ಮುಂದೆ ಓದಿ ನಗುವವರಿಗೆ ತಾವು ಯಾರ ವಿಷಯಕ್ಕೆ ನಗುತ್ತಿದ್ದೇವೆ ಎಂಬುದು ಗೊತ್ತಿರಲಿ. ನಮ್ಮ ಮುತ್ತಜ್ಜ ನಿಜಾಮರ ಕಾಲದ ವಕೀಲರು. ಉರ್ದುವಿನಲ್ಲಿ ವಾದಿಸಿ, ಉರ್ದುವಿನಲ್ಲೇ ಗೆದ್ದು, ಮನೆಗೆ ಬಂದು ಕಕ್ಷಿಗಾರನಿಗೆ ಕನ್ನಡದಲ್ಲಿ ಬುದ್ಧಿ ಹೇಳಿ ಕಳಿಸುತ್ತಿದ್ದರು. ಅಜ್ಜ ಗಂಗಾವತಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಮನೆಯ ಪಡಸಾಲೆ ಬಿಟ್ಟುಕೊಟ್ಟು, ಬಂದ ನೆಂಟರನ್ನು ಅಟ್ಟದ ಮೇಲೆ ಮಲಗಿಸಿದವರು. ತಂದೆ ಮುನಿರಾಬಾದಿನಲ್ಲಿ ಆಣೆಕಟ್ಟಿನ ಎಂಜಿನಿಯರು. ನನ್ನ ಕೈಹಿಡಿದವರೂ ಅದೇ ಇಲಾಖೆಯವರು. ನನ್ನನ್ನು ಕಾನ್ವೆಂಟಿನ ಸಿಸ್ಟರ್‌ಗಳು ಬೆಳೆಸಿದರು. ಬೆನ್ನು ನೆಟ್ಟಗಿಟ್ಟು ಕೂರುವುದನ್ನು, ಹಿಡಿದ ವಾಕ್ಯವನ್ನು ಮುಗಿಸುವವರೆಗೆ ಬಿಡದಿರುವುದನ್ನು ಅಲ್ಲಿ ಕಲಿತೆ. ಕಲಿತದ್ದನ್ನು ಮುಂದೆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪೌರನೀತಿಯ ಜೊತೆಗೆ ಕಲಿಸಿದೆ. ನಮ್ಮ ಮನೆಯ ಹೆಂಗಸರು ಯಾವ ಸಭೆಯಲ್ಲೂ ಎರಡನೆಯ ಸಾಲಿನಲ್ಲಿ ಕೂತದ್ದಿಲ್ಲ. ಕೂತಿದ್ದರೆ, ಮೊದಲ ಸಾಲಿನವರು ಎದ್ದು ಹಿಂದೆ ಬಂದಿದ್ದಾರೆ.

ಆದರೆ ಮನೆತನ ನೋಡಿ ಪ್ರಸಂಗಗಳು ನಡೆಯುವುದಿಲ್ಲ. ಹೆಂಗಸರ ಸಂಘವೊಂದಕ್ಕೆ ಅಮೆರಿಕದ ಸಂವಿಧಾನವನ್ನು ತೊಡಿಸಲು ಹೋದವರಿಗಂತೂ ಅವು ಕರೆಯದೆ ಬರುತ್ತವೆ, ಒಂದರ ಸೆರಗು ಹಿಡಿದು ಇನ್ನೊಂದು.

ಕಾಲೇಜು ಯಾವ ಊರಾಗ ಐತ್ರಿ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಕಡೆಯ ಮಹಿಳಾ ಮಂಡಳಗಳು ಸೇರಿ ಒಂದು ಒಕ್ಕೂಟ ಆಗಬೇಕೆಂದು ಮಾತಾಯಿತು. ಈಗ ತಾಲೂಕುಗಳು ಹೆಚ್ಚಾಗಿವೆ; ನಮ್ಮ ಮಂಡಳಗಳು ಹಳೆಯ ನಾಲ್ಕಕ್ಕೇ ನಿಂತಿವೆ. ಒಕ್ಕೂಟಕ್ಕೆ ಒಬ್ಬ ಅಧ್ಯಕ್ಷೆ ಬೇಕು. ಅಲ್ಲೇ ಜಗಳ ಹತ್ತಿತು. ಗಂಗಾವತಿ ಕಾಲುವೆಯ ನೀರುಂಡ ಊರು, ನಮ್ಮ ಸದಸ್ಯರೇ ಹೆಚ್ಚು. ತಲೆಗೊಂದು ಮತ ಎಂದರೆ ಅಧ್ಯಕ್ಷೆಯ ಕುರ್ಚಿ ಗಂಗಾವತಿ ಬಿಟ್ಟು ಕದಲುವುದಿಲ್ಲ.

ಯಲಬುರ್ಗಾ ಮಂಡಳದ ಮುಖ್ಯಸ್ಥೆ ಎದ್ದು ನಿಂತಳು. ತೆಳ್ಳಗಿನ ಹೆಂಗಸು, ಮಾತು ಮಾತ್ರ ದಪ್ಪ. "ಹಂಗಾದ್ರ ನಾವು ಬರೂದು ಚಪ್ಪಾಳಿ ಬಡಿಯಾಕ ಅಷ್ಟ ಏನ್ರಿ? ಅದನ್ನ ಮನ್ಯಾಗ ಕುಂತು ಬಡಿತೀವಿ ತಗೋರಿ, ಬಸ್ಸಿನ ಚಾರ್ಜಾದ್ರೂ ಉಳಿತೈತಿ" ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ನಾನು ಎದ್ದೆ. ಅಮೆರಿಕದ ರಾಜ್ಯಗಳು ಒಂದಾಗುವಾಗಲೂ ಸಣ್ಣ ರಾಜ್ಯಗಳಿಗೆ ಇದೇ ಭಯವಿತ್ತು ಎಂದು ಹೇಳಿದೆ. ಅಲ್ಲಿ ಜನ ನೇರವಾಗಿ ಅಧ್ಯಕ್ಷನನ್ನು ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೆ ಇಷ್ಟಿಷ್ಟು ಎಂದು ಪ್ರತಿನಿಧಿ ಮತಗಳಿವೆ, ಅವುಗಳಲ್ಲಿ ಯಾರಿಗೆ ಹೆಚ್ಚು ಬಂತೋ ಅವರು ಗೆದ್ದರು. "ಇದಕ್ಕೆ ಇಲೆಕ್ಟೋರಲ್ ಕಾಲೇಜು ಎನ್ನುತ್ತಾರೆ" ಎಂದು ಪಾಠ ನಿಲ್ಲಿಸಿ ನೋಡಿದೆ.

ಹಿಂದಿನ ಸಾಲಿನಿಂದ ಒಬ್ಬಾಕೆ ಕೈ ಎತ್ತಿದಳು. "ಕಾಲೇಜು ಯಾವ ಊರಾಗ ಐತ್ರಿ ಅಕ್ಕಾರ?"

"ಅದಕ್ಕೆ ಕಟ್ಟಡವಿಲ್ಲ" ಎಂದೆ.

"ಹಂಗಾರ ನಮ್ಮೂರಿನ ಕಾಲೇಜಿನಂಗ ಅನ್ರಿ. ಬೋರ್ಡು ಅಷ್ಟ ಐತಿ."

"ಪಾಠ ಹೇಳೋರು?" ಎಂದು ಅವಳ ಪಕ್ಕದಾಕೆ ಕೇಳಿದಳು.

"ಪಾಠವಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರುತ್ತಾರೆ, ಮತ ಹಾಕುತ್ತಾರೆ, ಮನೆಗೆ ಹೋಗುತ್ತಾರೆ."

ನಮ್ಮ ಖಜಾಂಚಿ ಅಲ್ಲಿಯವರೆಗೆ ಸುಮ್ಮನಿದ್ದಳು. ಗಂಗಾವತಿಯಲ್ಲಿ ಬಳೆಯಂಗಡಿ ನಡೆಸುವ ಮುಸಲ್ಮಾನರ ಮನೆಯ ಬೀಬಿ. ಅವಳು ಸುಮ್ಮನಿದ್ದಾಳೆ ಎಂದರೆ ಏನೋ ಎಣಿಸುತ್ತಿದ್ದಾಳೆ ಎಂದೇ ಅರ್ಥ. "ನಾಕು ವರ್ಷಕ್ಕ ಒಂದು ದಿನಾನ? ಆದ್ರೂ ನನ್ನ ಮಗನ ಹಾಜರಾತಿಗಿಂತ ಛಲೋ ಐತಿ ಬಿಡ್ರಿ" ಎಂದಳು.

ಕೊಸರು

ನಿಯಮಾವಳಿ ಬರೆಯುವ ಕೆಲಸ ನನಗೇ ಬಂತು. ಬರಬೇಕಾದದ್ದೇ. ಪ್ರತಿ ತಾಲೂಕಿಗೆ ಅದರ ಸದಸ್ಯರ ಬಲಕ್ಕೆ ತಕ್ಕಂತೆ ಇಷ್ಟು ಮತ; ಅದರ ಮೇಲೆ, ದೊಡ್ಡದಿರಲಿ ಚಿಕ್ಕದಿರಲಿ, ತಾಲೂಕು ಎಂಬ ಗೌರವಕ್ಕೆ ಎರಡು ಮತ. ಒಂದು ತಾಲೂಕಿನಲ್ಲಿ ಯಾರು ಮುಂದೆ ಬಂದರೋ ಆ ತಾಲೂಕಿನ ಎಲ್ಲ ಮತವೂ ಅವರಿಗೇ. ಹಿಂದೆ ಬಿದ್ದವರಿಗೆ ಒಂದೂ ಇಲ್ಲ. ಅಮೆರಿಕದ ಬಹುತೇಕ ರಾಜ್ಯಗಳ ಪದ್ಧತಿ ಇದೇ. ಒಂದು ಅಕ್ಷರ ನಾನು ಸ್ವಂತದ್ದು ಸೇರಿಸಲಿಲ್ಲ.

ಓದಿ ಹೇಳಿದಾಗ "ಗೌರವದ ಎರಡು ಮತ" ಎಂಬಲ್ಲಿ ಎಲ್ಲರೂ ಸಿಕ್ಕಿಕೊಂಡರು. ಸದಸ್ಯರಿಗೆ ಸಿಕ್ಕುವ ಮತ ಸದಸ್ಯರಿಗೆ, ಮತ್ತೆ ಈ ಎರಡು ಯಾವ ಲೆಕ್ಕದ್ದು? ನಾನು ಪ್ರಾತಿನಿಧ್ಯ, ಸಮತೋಲನ, ಒಕ್ಕೂಟ ತತ್ವ ಎಂದೆಲ್ಲ ವಿವರಿಸಿದೆ. ಮುಖಗಳು ಇನ್ನಷ್ಟು ಮಂಕಾದವು.

ಖಜಾಂಚಿ ಎದ್ದಳು. "ಅಕ್ಕಾರ, ನೀವು ಕುಂದ್ರಿ. ಏ ಬಾಯೇರ, ಡಜನ್ ಬಳಿ ಏರಿಸಿದ ಮ್ಯಾಲ ನಾವು ಒಂದು ಬಳಿ ಮ್ಯಾಲ ಹಾಕ್ತೀವಿಲ್ಲೋ? ಸಂತ್ಯಾಗ ಶೇಂಗಾ ಅಳದ ಮ್ಯಾಲ ಒಂದು ಹಿಡಿ ಕೊಸರು ಹಾಕ್ತಾರಿಲ್ಲೋ? ಹಂಗ ಇದು. ಕೊಸರು."

"ಹೌದನ! ಕೊಸರೇನ್ರಿ!" ಎಂದು ಇಡೀ ಸಭೆ ಬೆಳಗಿತು.

ಅಂದಿನಿಂದ ನನ್ನ ಸಂಯುಕ್ತ ಪ್ರಾತಿನಿಧ್ಯದ ಉಪನಿಯಮ ಕೊಸರು ಮತ ಆಯಿತು. ನಡಾವಳಿಯಲ್ಲೂ ಹಾಗೆಯೇ ಬರೆದರು. ಯಲಬುರ್ಗಾದವಳು ಕೂಡಲೇ, "ಎರಡು ಯಾಕ್ರಿ, ಮೂರು ಮಾಡ್ರಿ. ಕೊಸರು ಅಂದ ಮ್ಯಾಲ ಕೈ ಬಿಗಿ ಹಿಡಿಬಾರದು" ಎಂದಳು. ಅಮೆರಿಕದ ಸಂವಿಧಾನ ಸಂತೆಯ ಶೇಂಗಾ ಅಲ್ಲ, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ ಎಂದು ಗದರಿದೆ. ಸಭೆ ತಣ್ಣಗಾಯಿತು. ಮನೆಗೆ ಬಂದ ಮೇಲೆ ನೆನಪಾಯಿತು, ಅಮೆರಿಕದಲ್ಲಿ ಆ ಎರಡು ಹುಟ್ಟಿದ್ದೇ ದೊಡ್ಡ ರಾಜ್ಯ ಸಣ್ಣ ರಾಜ್ಯಗಳು ಕೂತು ಮಾಡಿದ ಚೌಕಾಸಿಯಿಂದ. ಅದನ್ನು ನಾನು ಯಲಬುರ್ಗಾಕ್ಕೆ ಇನ್ನೂ ತಿಳಿಸಿಲ್ಲ.

ಬದು ಒತ್ತುವುದು

ಮೊದಲ ಅಧ್ಯಕ್ಷೆಯ ಸ್ಥಾನಕ್ಕೆ ನಾನು ನಿಂತೆ. ಒಕ್ಕೂಟದ ಕಲ್ಪನೆ ನನ್ನದು, ನಿಯಮಾವಳಿ ನನ್ನದು. ಆ ಕುರ್ಚಿಯಲ್ಲಿ ಮೊದಲು ನಾನು ಕೂರಬೇಕೆಂಬ ಆಸೆಯನ್ನು ಮುಚ್ಚಿಡುವ ಕಾರಣ ನನಗೆ ಕಾಣಲಿಲ್ಲ. ಎದುರು ನಿಂತವಳು ಕುಷ್ಟಗಿಯವಳು. ಖಡಕ್ ರೊಟ್ಟಿ ಮಾಡಿಸಿ ಮಾರುವ ಕೇಂದ್ರ ನಡೆಸುತ್ತಾಳೆ, ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯರಿಗೆ ಸಮ. ನನ್ನ ಉಪನ್ಯಾಸಗಳಿಗೆ ತಪ್ಪದೆ ಬಂದು ಮುಂದೆಯೇ ಕೂರುತ್ತಿದ್ದಳು. ಕೇಳುವಾಗ ಬಾಯಿ ತೆರೆಯುತ್ತಿರಲಿಲ್ಲ.

ನಮ್ಮ ಗಂಗಾವತಿಯ ಸದಸ್ಯರನ್ನು ಮನೆಗೆ ಕರೆದು ಲೆಕ್ಕ ತಿಳಿಸಬೇಕಾಯಿತು. ಸಿದ್ದಾಪುರದಿಂದ ಬರುವ ಗದ್ದೆಯ ಮನೆಯ ಹೆಂಗಸು ಕೇಳಿದಳು: "ಅಂದ್ರ ಯಲಬುರ್ಗಾದಾಕಿ ಒಂದು ಓಟು ನನ್ನ ಓಟಿಗಿಂತ ತೂಕ ಹೆಚ್ಚೇನ್ರಿ?"

"ಹೌದು. ಅಲ್ಲಿ ಸದಸ್ಯರು ಕಡಿಮೆ, ಕೊಸರು ಅಷ್ಟೇ. ಹಂಚಿ ನೋಡಿದರೆ ಒಬ್ಬೊಬ್ಬಳ ಪಾಲಿಗೆ ಹೆಚ್ಚು ಬೀಳುತ್ತದೆ. ಅಮೆರಿಕದ ಸಣ್ಣ ರಾಜ್ಯದವರಿಗೂ ಹೀಗೆಯೇ."

"ಆಕಿ ನೋಡಾಕ ಊದಿನಕಡ್ಡಿ ಹಂಗ ಅದಾಳಲ್ರಿ!" ಎಂದು ಅವಳು ತನ್ನ ಮೈ ನೋಡಿಕೊಂಡಳು. ಮನಸ್ಸು ನೊಂದಿತ್ತು.

ಪತ್ರಿಕೆಯ ಹಿಂದೆ ಕೂತಿದ್ದ ನಮ್ಮ ಯಜಮಾನರು ಅಲ್ಲಿಂದಲೇ ಹೇಳಿದರು: "ಕಾಲುವಿ ನೆನಸ್ಕೋರಿ. ತಲಿ ಕಡೆ ಇದ್ದವನ ಎಕರೆಗೂ ಬಾಲದ ಕಡೆ ಇದ್ದವನ ಎಕರೆಗೂ ಅಳತಿ ಒಂದ. ಅವನಿಗೆ ಎರಡು ಬೆಳಿ, ಇವನಿಗೆ ಆಕಾಶ. ಓಟಿನ ಕಾಲುವ್ಯಾಗ ನೀವು ಬಾಲದಾಗ ಅದೀರಿ."

ಯಲಬುರ್ಗಾಕ್ಕೆ ಕಾಲುವೆಯೇ ಇಲ್ಲ. ಸಿದ್ದಾಪುರದವಳು "ಹೋಗ್ಲಿ ಬಿಡ್ರಿ, ನೀರಿನ್ಯಾಗ ನಾವು ತಲಿ, ಓಟಿನ್ಯಾಗ ಅವರು ತಲಿ" ಎಂದು ಸಮಾಧಾನ ಮಾಡಿಕೊಂಡಳು. ಪ್ರಜಾಪ್ರಭುತ್ವದ ಬಗ್ಗೆ ಇಷ್ಟು ಚಿಕ್ಕದಾಗಿ ನಾನು ತರಗತಿಯಲ್ಲಿ ಹೇಳಿದ್ದಿಲ್ಲ.

ಉತ್ಸಾಹ ಬಂದು ಮುಂದುವರಿಸಿದೆ. ಅಮೆರಿಕದಲ್ಲಿ ಇನ್ನೊಂದು ಉಪಾಯವಿದೆ. ಶಾಸನಸಭೆಯಲ್ಲಿ ಕೈ ಮೇಲಾದ ಪಕ್ಷ ಚುನಾವಣಾ ಕ್ಷೇತ್ರಗಳ ಗಡಿಯನ್ನೇ ತನಗೆ ಬೇಕಾದ ಹಾಗೆ ಎಳೆಯುತ್ತದೆ, ತನ್ನವರ ಓಣಿ ಒಳಗೆ, ಆಗದವರ ಓಣಿ ಹೊರಗೆ. ನಕ್ಷೆಯಲ್ಲಿ ಆ ಕ್ಷೇತ್ರ ಹಲ್ಲಿಯಂತೆ, ಹಾವಿನಂತೆ ಕಾಣುತ್ತದೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೋ ತಿಳಿಯದು ಎಂದೆ.

ಮರಳಿ ಎಂಬ ಹಳ್ಳಿಯ ಸದಸ್ಯೆ ತಟ್ಟನೆ ಹೇಳಿದಳು: "ಬದು ಒತ್ತೂದು ಅನ್ರಿ! ನಮ್ಮ ಮೈದುನ ಪ್ರತಿ ವರ್ಷ ಉಳುಮಿ ಮಾಡೂಮುಂದ ಒಂದು ಗೇಣು ನಮ್ಮ ಕಡೆ ಒತ್ತತಾನ. ಕೇಳಿದ್ರ, ಎತ್ತು ಬಂತು ವೈನಿ, ನಾನೇನು ಮಾಡ್ಲಿ ಅಂತಾನ. ಈಗ ಟ್ರ್ಯಾಕ್ಟರ್ ಬಂದು ಭಾಳ ವರ್ಷ ಆತು, ಇನ್ನೂ ಎತ್ತಿನ ಮ್ಯಾಲ ಹಾಕ್ತಾನ."

ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. "ಸುಮ್ನ ಇಲ್ಲಿ ಹುಟ್ಟಿ ಕೆಟ್ಟ ನೋಡ್ರಿ. ಅಮೆರಿಕಾದಾಗ ಹುಟ್ಟಿದ್ರ ಸರ್ಕಾರದವರ ಕರದು ಪಗಾರ ಕೊಡ್ತಿದ್ರು."

ಜೋಕಾಲಿ ರಾಜ್ಯ

ಮುಂದಿನ ಪೇಚಿನ ಹೊಣೆ ಮಾತ್ರ ಭಾಷಾಂತರದ್ದು. ಅಮೆರಿಕದಲ್ಲಿ ಕೆಲವು ರಾಜ್ಯಗಳು ಯಾವಾಗಲೂ ಒಂದೇ ಪಕ್ಷಕ್ಕೆ. ಅಲ್ಲಿಗೆ ಅಭ್ಯರ್ಥಿಗಳು ಕಾಲಿಡುವುದೂ ಅಪರೂಪ. ಕೆಲವು ಮಾತ್ರ ಈ ಸಲ ಇತ್ತ, ಮುಂದಿನ ಸಲ ಅತ್ತ. ಎಲ್ಲರ ಓಡಾಟ, ಎಲ್ಲರ ಭರವಸೆ ಅಲ್ಲಿಗೇ. ಇವನ್ನು ಸ್ವಿಂಗ್ ಸ್ಟೇಟ್ ಎನ್ನುತ್ತಾರೆ. ನಾನು ಸಭೆಯಲ್ಲಿ ಅದನ್ನು ಜೋಕಾಲಿ ರಾಜ್ಯ ಎಂದು ಕನ್ನಡಿಸಿದೆ. ಪಂಚಮಿಯಲ್ಲಿ ಜೋಕಾಲಿ ಜೀಕದ ಹೆಣ್ಣು ನಮ್ಮ ಕಡೆ ಇಲ್ಲ, ತಕ್ಷಣ ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು.

"ಅಂದ್ರ, ನಾವು ನಿಮ್ಮ ಕಡೀನ ಅದೀವಿ ಅಂತ ಮೊದಲ ಹೇಳಿಬಿಟ್ರ ನಮ್ಮ ಮನೀಗೆ ಯಾರೂ ಬರಂಗಿಲ್ಲ?" ಎಂದು ಸಿದ್ದಾಪುರದವಳು ಕೇಳಿದಳು.

"ಅಮೆರಿಕದಲ್ಲಿ ಹಾಗೆ."

ಮರುದಿನದಿಂದ ಗಂಗಾವತಿಯ ನನ್ನ ಸ್ವಂತ ಸದಸ್ಯರು ಜೋಕಾಲಿ ಹತ್ತಿದರು. ನಿನ್ನೆಯವರೆಗೆ "ಅಕ್ಕಾರ, ನೀವ ನಮ್ಮ ಅಧ್ಯಕ್ಷರು" ಎಂದವರು, ಬೀದಿಯಲ್ಲಿ ಸಿಕ್ಕರೆ ಮುಗಿಲು ನೋಡಿ, "ಇನ್ನೂ ವಿಚಾರ ಮಾಡಾಕತ್ತೀವ್ರಿ" ಎನ್ನತೊಡಗಿದರು. ಒಬ್ಬೊಬ್ಬರ ಮನೆಗೂ ಹೋದೆ. ಹೋದಲ್ಲೆಲ್ಲ ಚಕ್ಕುಲಿ ಕೊಟ್ಟು, ತಮ್ಮ ಓಣಿಯ ನಳದ ಸಮಸ್ಯೆ ಹೇಳಿ, ಮಗಳ ಜಾತಕ ತೋರಿಸಿ, ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಮತ ಯಾರಿಗೆಂದು ಒಬ್ಬರೂ ಬಾಯಿಬಿಡಲಿಲ್ಲ. ಮರಳಿಯವಳಂತೂ, "ನಿಮಗ ಹಾಕ್ತೀವ್ರಿ, ಆದ್ರ ಇನ್ನೊಂದು ಸಲ ಬಂದು ಕೇಳ್ರಿ. ನಮ್ಮ ಅತ್ತಿ ಊರಿಗೆ ಹೋಗ್ಯಾರ, ಅವರು ನೋಡ್ಬೇಕು, ನೀವು ನಮ್ಮ ಮನೀಗೆ ಬಂದಿದ್ದು" ಎಂದಳು.

ಕಾಲು ನೋಯಿಸಿಕೊಂಡು ಮನೆಗೆ ಬಂದು, ಅಡುಗೆಯವಳು ಕಾಯುತ್ತಿದ್ದಾಳೆ, ಮಧ್ಯಾಹ್ನಕ್ಕೆ ಬದನೆಕಾಯಿಯೋ ಹೀರೆಕಾಯಿಯೋ ಎಂದು ಯಜಮಾನರನ್ನು ಕೇಳಿದೆ. ಪತ್ರಿಕೆ ಕೆಳಗಿಳಿಸದೆ ಹೇಳಿದರು: "ನಾನಿನ್ನೂ ಜೋಕಾಲ್ಯಾಗ ಅದೀನಿ. ಬಂದು ಎರಡು ಛಲೋ ಮಾತಾಡಿದ್ರ ನೋಡೂಣು."

ನೀವು ಕಿವಿ ತುಂಬಿದ್ರಿ

ಯಲಬುರ್ಗಾಕ್ಕೆ ನಾನು ತಯಾರಾಗಿಯೇ ಹೋದೆ. ಸಣ್ಣ ರಾಜ್ಯಗಳ ಘನತೆಯ ಮೇಲೆ ಒಂದು ಭಾಷಣ, ಜೊತೆಗೆ ಚಹಾ. ಕಪ್-ಬಸಿಗಳನ್ನು ಮನೆಯಿಂದಲೇ ಒಯ್ದಿದ್ದೆ, ಕಾಗದದ ಲೋಟದಲ್ಲಿ ಚಹಾ ಕೊಟ್ಟು ಘನತೆಯ ಮಾತಾಡುವುದು ನನಗೆ ಒಗ್ಗದು. ಎಲ್ಲರೂ ಗಂಭೀರವಾಗಿ ಕೇಳಿದರು. ಒಬ್ಬಳೂ ಬಸಿಯಲ್ಲಿ ಸುರಿದು ಕುಡಿಯಲಿಲ್ಲ. ಗೆದ್ದೆ ಎಂದುಕೊಂಡು ಬಂದೆ.

ನಾಲ್ಕು ದಿನ ಕಳೆದು ಕುಷ್ಟಗಿಯವಳು ಅಲ್ಲಿಗೆ ಹೋದಳು. ಭಾಷಣವಿಲ್ಲ, ಚಹಾ ಇಲ್ಲ. ಮುಖ್ಯಸ್ಥೆಯ ಮನೆಯ ಜಗುಲಿಯ ಮೇಲೆ ಒಬ್ಬೊಬ್ಬರನ್ನೇ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅಡಿಕೆ ಹಾಕಿ ಉಡಿ ತುಂಬಿದಳು. ನಮ್ಮ ಕಡೆ ತವರಿನವರು ಮಗಳನ್ನು ಕಳಿಸುವಾಗ ಸೆರಗಿನಲ್ಲಿ ಹೀಗೆ ಉಡಿ ತುಂಬುತ್ತಾರೆ. ಒಮ್ಮೆ ಉಡಿ ತುಂಬಿಸಿಕೊಂಡ ಮನೆಗೆ ಹೆಣ್ಣುಮಕ್ಕಳು ಎದುರಾಡುವುದಿಲ್ಲ.

ಸುದ್ದಿ ತಿಳಿದು ಯಲಬುರ್ಗಾದವಳಿಗೆ ಫೋನು ಮಾಡಿದೆ. ನನ್ನ ಭಾಷಣ ಏನಾಯಿತು ಎಂದು ಕೇಳಿದೆ.

"ಭಾಳ ಛಲೋ ಆಗಿತ್ರಿ ಅಕ್ಕಾರ, ಸುಳ್ಳು ಯಾಕ ಹೇಳ್ಲಿ. ಆದ್ರ ನೀವು ಕಿವಿ ತುಂಬಿದ್ರಿ, ಆಕಿ ಉಡಿ ತುಂಬಿದ್ಲು."

ನಾನು ಕಾರ್ಯಕಾರಿ ಸಮಿತಿ ಕರೆಸಿದೆ. ಉಡಿ ಎಂಬುದು ಮತದಾರರಿಗೆ ಕೊಟ್ಟ ಆಮಿಷ ಹೌದೋ ಅಲ್ಲವೋ, ತೀರ್ಮಾನವಾಗಲಿ ಎಂದೆ. ಹೌದೆಂದರೆ ಯಾವ ದೇವಿಯ ಸಿಟ್ಟೋ ಎಂಬ ಭಯ. ಕೊನೆಗೆ ಎಲ್ಲರೂ ಖಜಾಂಚಿಯ ಕಡೆ ತಿರುಗಿದರು. ಬೀಬಿಯಾದ್ದರಿಂದ ಅವಳಿಗೆ ಉಡಿಯ ಹಂಗಿಲ್ಲ, ನಿಷ್ಪಕ್ಷಪಾತವಾಗಿ ಹೇಳುತ್ತಾಳೆ ಎಂದು.

"ನನಗೆಲ್ಲಿ ಹಂಗಿಲ್ಲ?" ಎಂದಳು ಅವಳು. "ನಮ್ಮ ಓಣ್ಯಾಗ ಯಾರ ಮದಿವಿ ಆದ್ರೂ ನನಗೂ ಕಣ ಕೊಡ್ತಾರ. ಅಕ್ಕಾರ, ಖರೇ ಹೇಳ್ತೀನಿ, ಉಡಿ ತುಂಬೂದು ಲಂಚ ಅಂತ ಬರದ್ರ, ಈ ಜಿಲ್ಲಾದಾಗ ಜೇಲಿನ ಹೊರಗ ಬರೇ ಗಂಡಸರು ಉಳಿತಾರ. ಅವರಿಗೆ ರೊಟ್ಟಿ ಬಡಿಯೋರು ಯಾರು, ಅದನ್ನೂ ಬರೀರಿ."

ನಿರ್ಣಯ ಬಿದ್ದುಹೋಯಿತು.

ಕುಷ್ಟಗಿಯವಳನ್ನೇ ನೇರವಾಗಿ ಕೇಳಿದೆ: ಗಂಗಾವತಿಗೆ ಒಂದು ದಿನವೂ ಬರಲಿಲ್ಲವಲ್ಲ, ಸದಸ್ಯರು ಇರುವುದೇ ಅಲ್ಲಿ, ಯಾಕೆ? ಅವಳು ತಲೆ ತಗ್ಗಿಸಿ ಹೇಳಿದಳು: "ಅಲ್ಲಿ ನಾ ಎಷ್ಟು ಉಡಿ ತುಂಬಿದ್ರೂ ನೀವ ಗೆಲ್ಲತೀರಿ, ಅಷ್ಟೂ ಮತ ನಿಮಗ ಬರ್ತಾವು. ಯಲಬುರ್ಗಾದಾಗ ನಾಕು ಮನಿ ಹಿಡದ್ರ ತಾಲೂಕ ಬರ್ತೈತಿ, ಮ್ಯಾಲ ಕೊಸರು. ನೀವ ಕಲಿಸಿದ್ದಲ್ರಿ ಅಕ್ಕಾರ."

ಇಷ್ಟು ವರ್ಷ ಪೌರನೀತಿ ಕಲಿಸಿದ್ದೇನೆ. ಪೂರ್ತಿ ಅಂಕ ಕೊಡಬೇಕಾದ ಉತ್ತರ ಬಂದದ್ದು ಅದೊಂದೇ, ಅದೂ ನನ್ನ ವಿರುದ್ಧ.

ಬಾಡಿಗೆಯ ಕುರ್ಚಿ

ಎಣಿಕೆ ಕೊಪ್ಪಳದಲ್ಲಿ, ಶಾಮಿಯಾನದ ಕೆಳಗೆ ನಡೆಯಿತು. ಗಂಗಾವತಿ ಜೋಕಾಲಿಯಿಂದ ಇಳಿದು ನನಗೇ ಮತ ಹಾಕಿತ್ತು, ಒಂದೇ ದನಿಯಲ್ಲಿ. ಕುಷ್ಟಗಿ ಅವಳದು. ಯಲಬುರ್ಗಾ ಉಡಿಯದು. ಕೊಪ್ಪಳ ಕೂದಲೆಳೆಯಲ್ಲಿ ಅವಳ ಕಡೆ ವಾಲಿತು. ಕೂದಲೆಳೆಯಾದರೂ ತಾಲೂಕಿನ ಮತವೆಲ್ಲ ಅವಳಿಗೇ ಹೋಯಿತು. ನಾಲ್ಕೂ ಕಡೆಯ ಹೆಂಗಸರನ್ನು ಕೂಡಿಸಿ ಎಣಿಸಿದರೆ ನನಗೆ ಮತ ಹಾಕಿದವರೇ ಹೆಚ್ಚು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಿಯಮದ ಲೆಕ್ಕದಲ್ಲಿ ಅಧ್ಯಕ್ಷೆ ಅವಳು. ಅಮೆರಿಕದಲ್ಲಿ ಇದು ಒಂದಕ್ಕಿಂತ ಹೆಚ್ಚು ಸಲ ಆಗಿದೆ. ಅದನ್ನು ನಾನೇ ಪಾಠದಲ್ಲಿ ಹೇಳಿದ್ದೆ, ದೂರದೇಶದ ಸಂಗತಿ ಎಂಬಂತೆ.

ಗಂಗಾವತಿಯವರು ಎದ್ದರು. "ಹೆಚ್ಚು ಓಟು ತಗೊಂಡಾಕಿ ಸೋಲೂದಂದ್ರೇನು? ಸುಡ್ರಿ ಆ ಕಾಯ್ದಾ!" "ನಾವು ಬ್ಯಾರೆ ಆಗ್ತೀವಿ, ನಮಗ್ಯಾಕ ಬೇಕು ಇವರ ಸಹವಾಸ!" ಯಲಬುರ್ಗಾದವರು ಸೆರಗು ಬಿಗಿದು ಎದುರು ನಿಂತರು: "ಕೊಸರು ಕೊಟ್ಟು ಕಸಗೊಳ್ಳೋ ಮಂದಿ, ಹೋಗ್ರಿ!" ಗೆದ್ದವಳು ಮೂಲೆಯಲ್ಲಿ ಬಿಳಿಚಿಕೊಂಡು ಕೂತಿದ್ದಳು. ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು, ಒಕ್ಕೂಟ ಅಲ್ಲೇ ಎರಡಾಗುತ್ತಿತ್ತು, ದೊಡ್ಡ ಪಾಲಿಗೆ ನಾನು ಅಧ್ಯಕ್ಷೆಯಾಗುತ್ತಿದ್ದೆ. ಸಿದ್ದಾಪುರದವಳು ಅಧ್ಯಕ್ಷೆಯ ಕುರ್ಚಿಯನ್ನೇ ತಲೆಯ ಮೇಲೆ ಎತ್ತಿಕೊಂಡು ನಿಂತಿದ್ದಳು. "ಹೂಂ ಅನ್ರಿ ಅಕ್ಕಾರ! ಕುರ್ಚಿ ಗಂಗಾವತಿಗೆ ಒಯ್ತೀವಿ!"

ನಾನು ಎದ್ದೆ.

"ಕುರ್ಚಿ ಕೆಳಗಿಡು" ಎಂದೆ. "ಶಾಮಿಯಾನದವನದು, ಬಾಡಿಗೆಯದು."

ಅವಳು ಇಟ್ಟಳು. ಆಮೇಲೆ ಹೇಳಿದೆ: "ಒಬ್ಬಳ ಮತ ಇನ್ನೊಬ್ಬಳ ಮತಕ್ಕಿಂತ ಭಾರವಿರುವುದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳುತ್ತೇನೆ. ಸಣ್ಣ ತಾಲೂಕಿನವಳು ಚಪ್ಪಾಳೆ ಬಡಿಯಲು ಮಾತ್ರ ಬರಬೇಕು ಎಂಬುದು ನ್ಯಾಯವೇ ಎಂದರೆ, ಅದೂ ಅಲ್ಲ. ನಿಯಮ ಬದಲಾಗಬೇಕಾದರೆ ಮುಂದಿನ ಸಭೆಯಲ್ಲಿ, ನಾಲ್ಕೂ ತಾಲೂಕಿನವರು ಕೂತು ಬದಲಿಸೋಣ. ಆಟ ಮುಗಿದ ಮೇಲೆ ಸೋತವಳು ನಿಯಮ ತಿದ್ದುವುದು ನಮ್ಮ ಮನೆತನದಲ್ಲಿ ನಡೆದಿಲ್ಲ." ಹೋಗಿ ಗೆದ್ದವಳ ಕೈಹಿಡಿದು ಆ ಕುರ್ಚಿಯಲ್ಲಿ ನಾನೇ ಕೂರಿಸಿದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಹೆಚ್ಚಿನದನ್ನು ನಾನು ಎಣಿಸುವುದಿಲ್ಲ. ಗಂಗಾವತಿಯವರು ಅಳುತ್ತ ಕೂತರು. ಯಾರೂ ಎದ್ದು ಹೋಗಲಿಲ್ಲ.

ಕೂತವಳು ಕೂಡಲೇ ಎದ್ದು, ತನ್ನ ಚೀಲ ತೆರೆದು, ಎಲ್ಲರ ಎದುರು ನನಗೇ ಉಡಿ ತುಂಬಿದಳು. ನಾನು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ತೆಂಗಿನಕಾಯಿ ಸೆರಗಿಗೆ ಬಿದ್ದಿತ್ತು.

ಖಜಾಂಚಿ ನಿಟ್ಟುಸಿರು ಬಿಟ್ಟಳು. "ಹೋತು. ಮುಂದಿನ ಸಲದ ಗಂಗಾವತಿನೂ ಹೋತು."

ಫಲಕ

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಒಕ್ಕೂಟ ಒಡೆಯದಂತೆ ಉಳಿಸಿದ್ದಕ್ಕೆ ನನ್ನನ್ನು ಸನ್ಮಾನಿಸಬೇಕೆಂದು ಹೊಸ ಅಧ್ಯಕ್ಷೆ ಹಟ ಹಿಡಿದಳು. ಪೇಟ, ಶಾಲು, ಹಣ್ಣಿನ ಬುಟ್ಟಿ, ಮೇಲೆ ಒಂದು ಹಿತ್ತಾಳೆಯ ಫಲಕ. ಫಲಕದ ಮಾತನ್ನು ಅವರೇ ಬರೆಸಿದ್ದರು: "ಅತಿ ಹೆಚ್ಚು ಮತ ಪಡೆದೂ ನಿಯಮಕ್ಕೆ ತಲೆಬಾಗಿದ ಹಿರಿಯರಿಗೆ." ನನ್ನ ಬಗ್ಗೆ ಬರೆದದ್ದೆಂಬ ಕಾರಣಕ್ಕೆ ಹೇಳುತ್ತಿಲ್ಲ, ವಾಕ್ಯ ಚೆನ್ನಾಗಿಯೇ ಇತ್ತು.

ಕೆತ್ತುವವನ ಕೈಯಲ್ಲಿ "ಹೆಚ್ಚು" ಎಂಬುದು "ಹುಚ್ಚು" ಆಗಿತ್ತು.

ಅಂಗಡಿಯಿಂದ ತಂದವರು ನೋಡಲಿಲ್ಲ. ಬಣ್ಣದ ಕಾಗದ ಸುತ್ತಿದವರು ನೋಡಲಿಲ್ಲ. ವೇದಿಕೆಯ ಮೇಲೆ ಅದನ್ನು ಮೈಕಿನಲ್ಲಿ ಓದುವ ಕೆಲಸ ಕಾರ್ಯದರ್ಶಿಯದು. ಆ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿ, ಬರೆದದ್ದನ್ನು ಬರೆದಂತೆಯೇ ಓದಬೇಕು ಎಂಬ ಶಿಸ್ತಿನವಳು. ನಾಲ್ಕು ತಾಲೂಕಿನ ಹೆಂಗಸರು, ಅವರ ಗಂಡಂದಿರು, ಮುಖ್ಯ ಅತಿಥಿಗಳು ಕೇಳುವಂತೆ, ಸ್ಪಷ್ಟವಾದ ಉಚ್ಚಾರದಲ್ಲಿ ಓದಿದಳು: "ಅತಿ ಹುಚ್ಚು ಮತ ಪಡೆದೂ ನಿಯಮಕ್ಕೆ ತಲೆಬಾಗಿದ ಹಿರಿಯರಿಗೆ!"

ಗಂಗಾವತಿಯ ಸಾಲು ಪೂರ್ತಿ ಎದ್ದು ನಿಂತಿತು. ಸಿದ್ದಾಪುರದವಳು ಸೊಂಟಕ್ಕೆ ಕೈಯಿಟ್ಟು, "ಯಾರ ಓಟು ಹುಚ್ಚು? ಅಕ್ಕಾರಿಗೆ ಹಾಕಿದವರು ನಾವು. ನಾವು ಹುಚ್ಚರೇನು?" ಎಂದು ಕೂಗಿದಳು. ಯಲಬುರ್ಗಾದ ಕಡೆಯಿಂದ ಊದಿನಕಡ್ಡಿಯಂಥವಳು, "ಹಿತ್ತಾಳಿ ಮ್ಯಾಲ ಕೆತ್ಯಾರಂದ್ರ ವಿಚಾರ ಮಾಡೇ ಕೆತ್ತಿರ್ತಾರ ತಗೋ!" ಎಂದಳು.

ಖಜಾಂಚಿ ಶಾಂತಿ ಮಾಡಿಸಲು ಎದ್ದಳು. "ಸುಮ್ನಿರ್ರಿ, ಸುಮ್ನಿರ್ರಿ. ಅಕ್ಷರ ತಪ್ಪಿರಬಹುದು. ಹೆಚ್ಚು ಓಟು ತಗೊಂಡು ಸೋಲೂದು ಹುಚ್ಚ ಅಲ್ಲೇನ್ರಿ? ಅರ್ಥ ಬರೋಬ್ಬರಿ ಐತಿ."

ಹೊಸ ಅಧ್ಯಕ್ಷೆ ಓಡಿಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಹಣೆಯ ಟಿಕಳಿ ಕಿತ್ತು, ಹುಚ್ಚಿನ ಮೊದಲ ಅಕ್ಷರದ ಕೊಂಬಿನ ಮೇಲೆ ಅಂಟಿಸಿದಳು. ಕೊಂಬು ಮುಚ್ಚಿತು. "ಈಗ ಛಲೋ ಆತು, ಓದವಾ" ಎಂದು ಕಾರ್ಯದರ್ಶಿಗೆ ಹೇಳಿದಳು. ಕಾರ್ಯದರ್ಶಿ ಬರೆದದ್ದನ್ನು ಬರೆದಂತೆಯೇ ಮತ್ತೆ ಮೈಕಿನಲ್ಲಿ ಓದಿದಳು: "ಅತಿ ಹಚ್ಚು ಮತ ಪಡೆದೂ..."

"ಹಚ್ಚು?" ಎಂದಳು ಖಜಾಂಚಿ. "ಏನು ಹಚ್ಚೂದು? ಹಾಂ, ತಿಳೀತು ಬಿಡ್ರಿ. ಮೊದಲ ಹುಚ್ಚು ಅಂದ್ರು, ಈಗ ಅದಕ್ಕ ಔಷಧ ಹೇಳಾಕತ್ತಾರ. ತಲಿಗೆ ಎಣ್ಣಿ ಹಚ್ಚು!"

ಶಾಮಿಯಾನ ಬೀಳುವುದೊಂದು ಬಾಕಿ. ಮುಖ್ಯ ಅತಿಥಿಗಳು ಹೂವಿನ ಹಾರದಲ್ಲಿ ಮುಖ ಮುಚ್ಚಿಕೊಂಡರು. ಗಂಗಾವತಿಯವರೂ ಯಲಬುರ್ಗಾದವರೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕರು. ಒಕ್ಕೂಟದಲ್ಲಿ ಅಂಥ ಒಗ್ಗಟ್ಟು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬಂದಿಲ್ಲ. ನಮ್ಮ ಯಜಮಾನರು ಎದುರಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನಾನು ಪೇಟದ ಕೆಳಗಿನಿಂದ ನೋಡಿದೆ. ನಾನು ನಗಲಿಲ್ಲ. ಬೆನ್ನು ನೆಟ್ಟಗಿಟ್ಟು ನಿಂತಿದ್ದೆ.

ಫಲಕ ಈಗ ಒಕ್ಕೂಟದ ಕಚೇರಿಯಲ್ಲಿದೆ. ನಾನು ಅದನ್ನು ಮನೆಗೆ ತಂದಿಲ್ಲ, ತರುವುದೂ ಇಲ್ಲ. ನನಗೆ ಬಿದ್ದ ಮತಗಳು ಹೆಚ್ಚು ಮತಗಳೇ ಹೊರತು ಹುಚ್ಚು ಮತಗಳಲ್ಲ, ಹಚ್ಚುವ ಮತಗಳಂತೂ ಅಲ್ಲವೇ ಅಲ್ಲ. ಅವನ್ನು ಹಾಕಿದ ಗಂಗಾವತಿಯ ಪ್ರತಿಯೊಬ್ಬ ಹೆಂಗಸಿನ ಪರವಾಗಿ ಹೇಳುತ್ತಿದ್ದೇನೆ: ಒಕ್ಕೂಟವು ಲಿಖಿತವಾಗಿ ಕ್ಷಮೆ ಕೇಳಬೇಕು.